ಹಿತ್ತಿಲ ಬಾಗಿಲು ಎಲ್ಲಿದೆ? ಒಂದು ಹಾರರ್ ಕಿರುಚಿತ್ರದ ಪ್ರಕರಣ

ಇದು ಮಲೆನಾಡಿನ ಒಂದು ತಾಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ನಡೆದದ್ದು. ಊರು, ಕಾಲೇಜು, ಮಕ್ಕಳ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಕ್ಕಳು ಒಂದೇ ಕಥೆಯನ್ನು ಎರಡು ಸಲ ಶೂಟ್ ಮಾಡಿದರು. ಮೊದಲನೆಯದು ಯಾಕೆ ಕೆಟ್ಟಿತು, ಎರಡನೆಯದಕ್ಕೆ ಹೇಗೆ ಬಂದರು ಅನ್ನುವುದನ್ನು ಬೇರೆ ಮೇಷ್ಟ್ರುಗಳು, ಬೇರೆ ಮಕ್ಕಳು ಓದಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಪತ್ರಿಕೋದ್ಯಮ ಓದುವ 6 ಮಕ್ಕಳ ಗುಂಪು. 4 ಹುಡುಗಿಯರು, 2 ಹುಡುಗರು. ಸೆಮಿಸ್ಟರ್ ಪ್ರಾಜೆಕ್ಟ್‌ಗೆ ಒಂದು ಕಿರುಚಿತ್ರ ಮಾಡಬೇಕಿತ್ತು. 10 ನಿಮಿಷ ಮೀರಬಾರದು ಅನ್ನುವುದು ಒಂದೇ ನಿಯಮ. ನಾನು ಅವರಿಗೆ ಸಿನಿಮಾ ಪಾಠ ಮಾಡುವ ಅತಿಥಿ ಉಪನ್ಯಾಸಕಿ.

ಅವರ ಕೈಯಲ್ಲಿ ಇದ್ದದ್ದು ಕಡಿಮೆ. ಮದುವೆ ಫೋಟೋ ತೆಗೆಯುವ ಅಣ್ಣನೊಬ್ಬ ಕೊಟ್ಟ ಮಿರರ್‌ಲೆಸ್ ಕ್ಯಾಮೆರಾ, ಒಂದು 50 ಎಂಎಂ ಲೆನ್ಸ್, ಕ್ಯಾಮೆರಾ ಜೊತೆಗೇ ಬರುವ 18-55 ಲೆನ್ಸ್, ಒಂದು ಟ್ರೈಪಾಡ್, 2 ಎಲ್‌ಇಡಿ ಪ್ಯಾನೆಲ್. ಖರ್ಚಿಗೆ ತಲಾ 1,000 ರೂಪಾಯಿ ಹಾಕಿಕೊಂಡಿದ್ದರು. ಶೂಟಿಂಗ್ ಜಾಗ ಒಬ್ಬಳ ಅಜ್ಜಿ ಮನೆ. ಮುಂದೆ ಜಗಲಿ, ಆಮೇಲೆ ನಡುಮನೆ, ಪಕ್ಕಕ್ಕೆ ಅಡುಗೆಮನೆ. ನಡುಮನೆಯಿಂದ ಹಿಂದಕ್ಕೆ ಒಂದು ಉದ್ದದ ಕತ್ತಲೆ ಓಣಿ. ಅದರ ಕೊನೆಗೆ ಹಿತ್ತಿಲ ಬಾಗಿಲು, ಆಚೆ ಅಡಿಕೆ ತೋಟ. ಹಾರರ್‌ಗೆ ಇದಕ್ಕಿಂತ ಒಳ್ಳೆ ಮನೆ ಬೇಕಾ?

ಕಥೆಯೂ ಚೆನ್ನಾಗಿತ್ತು. ನಮ್ಮ ಕಡೆ ಒಂದು ನಂಬಿಕೆ ಇದೆ. ರಾತ್ರಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ತಕ್ಷಣ ಓಗೊಡಬಾರದು. ಮನುಷ್ಯರಾದರೆ ಮೂರನೇ ಸಲವೂ ಕರೆಯುತ್ತಾರೆ. ಮನುಷ್ಯರಲ್ಲದಿದ್ದರೆ ಎರಡಕ್ಕೇ ನಿಲ್ಲಿಸುತ್ತದೆ. ಈ ಮಕ್ಕಳ ಕಥೆಯಲ್ಲಿ ಅಜ್ಜಿ ಆಸ್ಪತ್ರೆಯಲ್ಲಿ ಇರುತ್ತಾಳೆ. ಮೊಮ್ಮಗಳು ಒಬ್ಬಳೇ ಮನೆ ಕಾಯಲು ಬರುತ್ತಾಳೆ. ರಾತ್ರಿ ಕರೆಂಟ್ ಹೋಗುತ್ತದೆ. ಹಿತ್ತಿಲಿನಿಂದ ಅಜ್ಜಿಯ ದನಿಯಲ್ಲಿ ಅವಳ ಹೆಸರು ಕೇಳಿಸುತ್ತದೆ. ಒಂದು ಸಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ.

ಶುರುವಿನಲ್ಲೇ ನನ್ನ ಕಡೆಯಿಂದ ಆದ ಒಂದು ತಪ್ಪನ್ನು ಹೇಳಿಬಿಡಬೇಕು. ಜಾನರ್, ಅಂದರೆ ಸಿನಿಮಾದ ಬಗೆಗಳ ಪಾಠ ಮಾಡುವಾಗ ನಾನು ಒಂದು ಹಾಳೆ ಹಂಚಿದ್ದೆ. ಹಾರರ್ ಅಂದರೆ ನೀಲಿ ಬೆಳಕು, ಓರೆ ಕ್ಯಾಮೆರಾ, ಉದ್ದ ನೆರಳು, ಹತ್ತಿರದ ಮುಖ. ವೆಸ್ಟರ್ನ್ (ಕುದುರೆ, ಬಂದೂಕಿನ ಕಾಳಗದ ಸಿನಿಮಾ) ಅಂದರೆ ದೊಡ್ಡ ಬಯಲು, ಸಣ್ಣ ಮನುಷ್ಯ, ಕಣ್ಣಿನ ಕ್ಲೋಸಪ್. ಕ್ರೈಮ್ ಅಂದರೆ ಕಿಟಕಿ ಪಟ್ಟಿಗಳ ನೆರಳು, ಒದ್ದೆ ರಸ್ತೆ. ಪರೀಕ್ಷೆಗೆ ಅನುಕೂಲವಾಗಲಿ ಅಂತ ಮಾಡಿದ್ದು. ಇವು ಯಾಕೆ ಹುಟ್ಟಿದವು ಅನ್ನುವುದನ್ನು ಆ ಹಾಳೆಯಲ್ಲಿ ಒಂದು ಸಾಲೂ ಬರೆದಿರಲಿಲ್ಲ. ಮಕ್ಕಳು ಆ ಹಾಳೆಯನ್ನೇ ಇಟ್ಟುಕೊಂಡು ಶೂಟಿಂಗ್‌ಗೆ ಹೋದರು.

ಮೊದಲ ಸಿನಿಮಾ

ಸೆಪ್ಟೆಂಬರ್‌ನಲ್ಲಿ, ಮಳೆಯ ನಡುವೆ, ಎರಡು ರಾತ್ರಿ ಶೂಟ್ ಮಾಡಿದರು. 11 ನಿಮಿಷದ ಸಿನಿಮಾ ಆಯಿತು, 86 ಶಾಟ್. ಕೊನೆಗೆ ಬಿಳಿ ಸೀರೆ, ಬಿಚ್ಚಿದ ಕೂದಲಿನ ದೆವ್ವ ಬರುತ್ತದೆ. ಗೆಜ್ಜೆ ಸದ್ದೂ ಇತ್ತು.

ಮೊದಲ ವರ್ಷದ 28 ಮಕ್ಕಳಿಗೆ ತೋರಿಸಿದೆವು. ಮೂರು ಕಡೆ ನಕ್ಕರು. ದೆವ್ವ ಬಂದಾಗ ಜೋರಾಗಿ ನಕ್ಕರು. ನಿರ್ದೇಶಕಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು, ದೀಪ ಹಾಕುವಷ್ಟರಲ್ಲಿ ಎದ್ದು ಹೋಗಿದ್ದಳು. ಮರುದಿನ ಬಂದು ಕೇಳಿದ್ದು ಒಂದೇ ಮಾತು. "ಎಲ್ಲಾ ಹಾಕಿದ್ವಲ್ಲ ಮೇಡಂ, ಮತ್ತೆ ಯಾಕೆ ಭಯ ಆಗ್ಲಿಲ್ಲ?"

ಇಡೀ ಪ್ರಕರಣ ಈ ಪ್ರಶ್ನೆಯಲ್ಲೇ ಇದೆ. ಹೌದು, ಎಲ್ಲವನ್ನೂ ಹಾಕಿದ್ದರು.

ತಾಂತ್ರಿಕ ತಪ್ಪುಗಳು ಸುಲಭವಾಗಿ ಕಂಡವು. ಅಡುಗೆಮನೆಯ ಶಾಟ್‌ಗಳಲ್ಲಿ ಟ್ಯೂಬ್‌ಲೈಟ್ ಕೆಳಗೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ಹಾರರ್‌ಗೆ ಒಳ್ಳೆಯದೇ ಆಯ್ತು ಅಂದುಕೊಂಡು ಹಾಗೇ ಬಿಟ್ಟಿದ್ದರು. ಕಾರಣ ಸರಳ. ನಮ್ಮ ಮನೆಗಳ ಕರೆಂಟ್ 50 ಹರ್ಟ್ಸ್. ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್ ಇಟ್ಟರೆ ಪ್ರತಿ ಫ್ರೇಮಿನಲ್ಲೂ ಸರಿಯಾಗಿ ಎರಡು ಏರಿಳಿತ ಸಿಕ್ಕಿ ಬೆಳಕು ಸಮವಾಗಿ ಕಾಣುತ್ತದೆ. ಇವರು 1/60 ಇಟ್ಟಿದ್ದರು. ಇನ್ನು ಕತ್ತಲೆಯ ಶಾಟ್‌ಗಳಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವ ಸೆಟ್ಟಿಂಗ್) ಆಟೋದಲ್ಲಿತ್ತು. ಅದು ಎಲ್ಲೆಲ್ಲಿಗೋ ಏರಿ, ಕಪ್ಪು ಅನ್ನುವುದು ಕಪ್ಪಾಗಿರದೆ ರವೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಮಾತುಗಳನ್ನು ಕ್ಯಾಮೆರಾದ ಮೈಕ್‌ನಲ್ಲೇ ರೆಕಾರ್ಡ್ ಮಾಡಿದ್ದರು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಎಲ್ಲವನ್ನೂ ನುಂಗಿತ್ತು.

ಇವನ್ನೆಲ್ಲ ಸರಿ ಮಾಡಿದರೆ ಸಿನಿಮಾ ಸರಿಹೋಗುತ್ತದೆ ಅಂತ ನಾನೂ ನಂಬಿದೆ.

ಎಡಿಟಿಂಗ್‌ನಲ್ಲಿ ರಿಪೇರಿ

ಎರಡು ವಾರ ಎಡಿಟಿಂಗ್‌ನಲ್ಲೇ ಕಳೆದರು. ನೀಲಿ ಕಮ್ಮಿ ಮಾಡಿದರು. 11 ನಿಮಿಷವನ್ನು 8ಕ್ಕೆ ಇಳಿಸಿದರು. ದೆವ್ವದ ಶಾಟ್ ಚಿಕ್ಕದು ಮಾಡಿ, ಅದಕ್ಕೆ ಮೊದಲು ಪೂರ್ತಿ ಮೌನ ಇಟ್ಟು, ಆಮೇಲೆ ಧಡಾರ್ ಅಂತ ಒಂದು ಸದ್ದು ಹಾಕಿದರು. ಮಾತುಗಳನ್ನು ಮತ್ತೆ ಹೇಳಿಸಿ ಕೂಡಿಸಿದರು.

ಇನ್ನೊಂದು ತರಗತಿಗೆ ತೋರಿಸಿದಾಗ ಆ ಸದ್ದಿಗೆ ಎಲ್ಲರೂ ಬೆಚ್ಚಿಬಿದ್ದರು. ಗುಂಪಿಗೆ ಖುಷಿಯೋ ಖುಷಿ. ಆದರೆ ಬೆಚ್ಚಿಬಿದ್ದವರು ಮರುಕ್ಷಣವೇ ಪಕ್ಕದವರ ಜೊತೆ ಮಾತಿಗೆ ಶುರು ಮಾಡಿದರು. ಹಿಂದೆ ಯಾರೋ ಬಂದು ಪಟಾಕಿ ಹೊಡೆದರೂ ನಾವು ಬೆಚ್ಚಿಬೀಳುತ್ತೇವೆ, ಅಲ್ವಾ? ಅದನ್ನು ಭಯ ಅನ್ನಲಾಗದು.

ಸಿನಿಮಾ ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು. "ಅವಳು ಮುಂಬಾಗಿಲು ಯಾಕೆ ತೆಗೆಯಲ್ಲ? ಓಡಿ ಹೋಗ್ಬಹುದಿತ್ತಲ್ಲ?" ನಿರ್ದೇಶಕಿ, "ದೆವ್ವ ಬಂದಿದ್ದು ಹಿತ್ತಿಲ ಬಾಗಿಲಿಂದ, ಮುಂಬಾಗಿಲು ಆ ಕಡೆ ಇದೆ" ಅಂದಳು. "ಓ, ಅದು ಹಿತ್ತಿಲ ಬಾಗಿಲಾ? ನಾನು ಬಚ್ಚಲು ಅಂದ್ಕೊಂಡೆ" ಅಂದಳು ಆ ಹುಡುಗಿ. ಇನ್ನೊಬ್ಬ, "ಇಲ್ಲ ಕಣೇ, ಅದು ಮುಂಬಾಗಿಲೇ" ಅಂದ.

ಆಗ ನನಗೆ ಏನೋ ಹೊಳೆಯಿತು. ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು, ನೋಡಿದ ಮನೆಯ ನಕ್ಷೆ ಬರೆಯಿರಿ ಅಂದೆ. ಚೆಂದ ಇರಬೇಕಾಗಿಲ್ಲ. ನಡುಮನೆ ಎಲ್ಲಿ, ಅಡುಗೆಮನೆ ಎಲ್ಲಿ, ಹಿತ್ತಿಲ ಬಾಗಿಲು ಎಲ್ಲಿ, ಅಷ್ಟೇ ಸಾಕು.

22 ಹಾಳೆ ಬಂದವು. ಒಂದರ ಹಾಗೆ ಇನ್ನೊಂದಿಲ್ಲ. ಕೆಲವರು ಮನೆಗೆ ಒಂದೇ ಬಾಗಿಲು ಬರೆದಿದ್ದರು. ಒಬ್ಬ ಓಣಿಯನ್ನು ಮಹಡಿಯ ಮೇಲೆ ಹಾಕಿದ್ದ. ಆ ಮನೆಗೆ ಮಹಡಿಯೇ ಇಲ್ಲ. ಹಿತ್ತಿಲ ಬಾಗಿಲು ಸರಿಯಾದ ಜಾಗದಲ್ಲಿ ಇದ್ದದ್ದು 3 ಹಾಳೆಯಲ್ಲಿ ಮಾತ್ರ.

ಆ ಹಾಳೆಗಳನ್ನು ಟೇಬಲ್ ಮೇಲೆ ಹರಡಿಕೊಂಡು ಆರೂ ಜನ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಪ್ರಕರಣ ತಿರುಗಿದ್ದು ಇಲ್ಲಿ. ಕಥೆಯ ಭಯವೆಲ್ಲ ಹಿತ್ತಿಲ ಬಾಗಿಲಿನಲ್ಲಿದೆ. ನೋಡುವವರಿಗೆ ಆ ಬಾಗಿಲು ಎಲ್ಲಿದೆ ಅಂತಲೇ ಗೊತ್ತಿಲ್ಲ. ಕತ್ತಲಲ್ಲಿ ಹೆಸರು ಕೇಳಿಸಿದಾಗ ಅವರು ಯಾವ ಕಡೆ ತಿರುಗಿ ಹೆದರಬೇಕು?

ಬಾಗಿಲು ಕಳೆದುಹೋದದ್ದು ಹೇಗೆ

ಟೈಮ್‌ಲೈನ್ ಮುಂದೆ ಕೂತು ಒಂದೊಂದೇ ಶಾಟ್ ನೋಡಿದೆವು. ಮೂರು ಕಾರಣ ಸಿಕ್ಕವು. ಮೂರೂ ಸೇರಿಕೊಂಡೇ ಕೆಲಸ ಕೆಡಿಸಿದ್ದವು.

ಮೊದಲನೆಯದು ಲೆನ್ಸ್. ಪೂರ್ತಿ ಸಿನಿಮಾ 50 ಎಂಎಂನಲ್ಲಿ ತೆಗೆದಿದ್ದರು. ಹಿನ್ನೆಲೆ ಮಸುಕಾಗಿ ಮುಖ ಚೆನ್ನಾಗಿ ಬರುತ್ತದೆ ಅಂತ. ಅವರ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಚಿಕ್ಕದು. ಸಣ್ಣ ಕೋಣೆಯಲ್ಲಿ ಅದಕ್ಕೆ 50 ಹಾಕಿದರೆ ಒಬ್ಬರ ಎದೆಯಿಂದ ಮೇಲೆ ಮಾತ್ರ ಕಾಣುತ್ತದೆ. ಮನೆ ಇಡಿಯಾಗಿ ಕಾಣುವ ವೈಡ್ ಶಾಟ್ ಒಂದೂ ಇರಲಿಲ್ಲ. ಯಾಕೆ ಅಂತ ಕೇಳಿದರೆ ಕ್ಯಾಮೆರಾ ಹುಡುಗ ನನ್ನ ಹಾಳೆ ತೋರಿಸಿದ. "ಹಾರರ್‌ಗೆ ಕ್ಲೋಸಪ್, ವೆಸ್ಟರ್ನ್‌ಗೆ ವೈಡ್ ಅಂತ ನೀವೇ ಕೊಟ್ಟಿದ್ರಲ್ಲ ಮೇಡಂ."

ಎರಡನೆಯದು ಲೈನ್ ದಾಟಿದ್ದು. ಹುಡುಗಿಗೂ ಬಾಗಿಲಿಗೂ ನಡುವೆ ನೆಲದ ಮೇಲೆ ಒಂದು ಗೆರೆ ಇದೆ ಅಂದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಕಡೆ ಇರುವಷ್ಟು ಹೊತ್ತು ಅವಳು ಪರದೆಯ ಬಲಕ್ಕೆ ನೋಡುತ್ತಿರುತ್ತಾಳೆ, ಬಾಗಿಲು ಬಲಗಡೆ ಇದೆ ಅಂತ ನಮಗೆ ಗೊತ್ತಿರುತ್ತದೆ. ಕ್ಯಾಮೆರಾ ಗೆರೆ ದಾಟಿ ಆಚೆ ಹೋದರೆ, ಅದೇ ಬಾಗಿಲನ್ನೇ ನೋಡುತ್ತಿದ್ದರೂ ಪರದೆಯ ಮೇಲೆ ಎಡಕ್ಕೆ ನೋಡಿದಂತೆ ಕಾಣುತ್ತದೆ. ಮೊದಲ ಸಲ ಕರೆದಾಗ ಅವಳು ಬಲಕ್ಕೆ ತಿರುಗುತ್ತಾಳೆ, ಎರಡನೇ ಸಲಕ್ಕೆ ಎಡಕ್ಕೆ. ದೆವ್ವಗಳು ಎರಡಿವೆ ಅಂತ ಕೆಲವರು ಅಂದುಕೊಂಡಿದ್ದರು.

ಮೂರನೆಯದು ಓರೆ ಕ್ಯಾಮೆರಾ. 86ರಲ್ಲಿ 23 ಶಾಟ್ ಓರೆ. 1920ರ ಜರ್ಮನ್ ಚಿತ್ರ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ'ಯಲ್ಲಿ ಗೋಡೆ, ಕಿಟಕಿ, ಬೀದಿ ಎಲ್ಲವನ್ನೂ ಸೊಟ್ಟಗೆ ಕಟ್ಟಿದ್ದರು. ನೆರಳುಗಳನ್ನೂ ಬಣ್ಣದಲ್ಲಿ ಬರೆದಿದ್ದರು. ಕಥೆ ಹೇಳುತ್ತಿರುವವನ ಮನಸ್ಸೇ ಸರಿಯಿಲ್ಲ, ಆದ್ದರಿಂದ ಅವನ ಲೋಕವೂ ಸೊಟ್ಟ. ಸೊಟ್ಟ ಅನ್ನುವುದಕ್ಕೆ ಅಲ್ಲಿ ಅಷ್ಟು ಗಟ್ಟಿ ಕಾರಣ ಇತ್ತು. ನಮ್ಮ ಹುಡುಗಿ ಕಾಫಿ ಕಾಯಿಸುವಾಗಲೂ ಕ್ಯಾಮೆರಾ ಓರೆ ಇತ್ತು. ಹಾಗಾಗಿ ನಿಜವಾಗಲೂ ಏನೋ ಕೆಟ್ಟದ್ದು ನಡೆದಾಗ ತೋರಿಸಲು ಏನೂ ಉಳಿದಿರಲಿಲ್ಲ.

ನೀಲಿಯ ಕಥೆಯೂ ಹೀಗೇ. ಆಗಿನ ಫಿಲ್ಮ್‌ಗೆ ರಾತ್ರಿಯ ಬೆಳಕು ಸಾಲುತ್ತಿರಲಿಲ್ಲ. 1922ರ 'ನೊಸ್ಫೆರಾಟು' ಚಿತ್ರಕ್ಕೆ ನಿರ್ದೇಶಕ ಮುರ್ನಾವ್ ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದರು. ಆಮೇಲೆ ಪ್ರತಿಗೆ ನೀಲಿ ಬಣ್ಣ ಕೊಟ್ಟರು. ಮೂಕಿ ಚಿತ್ರಗಳ ಕಾಲದಲ್ಲಿ ನೀಲಿ ಅಂದರೆ ರಾತ್ರಿ, ಹಳದಿ ಅಂದರೆ ದೀಪದ ಮನೆ ಅನ್ನುವುದು ನೋಡುಗರಿಗೂ ತಿಳಿದಿತ್ತು. ಇದನ್ನು ಹೇಳಿ ಮಕ್ಕಳನ್ನು ಕೇಳಿದೆ, "ನಿಮ್ಮ ಮನೇಲಿ ಕರೆಂಟ್ ಹೋದ್ರೆ ಯಾವ ಬಣ್ಣ ಕಾಣುತ್ತೆ?" ಸೌಂಡ್ ನೋಡಿಕೊಳ್ಳುತ್ತಿದ್ದ ಹುಡುಗಿ ಯೋಚಿಸಿ ಹೇಳಿದಳು. "ದೀಪ ಹಚ್ಚಿದ ಕಡೆ ಹಳದಿ ಮೇಡಂ. ಬೇರೆ ಕಡೆ ಏನೂ ಕಾಣಲ್ಲ."

ಒಂದೇ ಬಾಗಿಲು, ನಾಲ್ಕು ಜಾನರ್

ಮತ್ತೆ ಶೂಟ್ ಮಾಡುವ ಮೊದಲು ಒಂದು ಅಭ್ಯಾಸ ಮಾಡಿಸಿದೆ. ಇಡೀ ಪ್ರಕರಣದಲ್ಲಿ ಬೇರೆಯವರು ಹಾಗೇ ತೆಗೆದುಕೊಂಡು ಬಳಸಬಹುದಾದದ್ದು ಇದೇ. ಖರ್ಚಿಲ್ಲ. ಒಂದು ಮಧ್ಯಾಹ್ನ, ಒಂದು ಫೋನು, ಕಾಲೇಜಿನ ಒಂದು ಕಾರಿಡಾರ್ ಸಾಕು.

ಕ್ರಿಯೆ ಒಂದೇ. ಹುಡುಗಿ ಕಾರಿಡಾರಿನಲ್ಲಿ ನಡೆದು ಬರುತ್ತಾಳೆ, ಕೊನೆಯ ಬಾಗಿಲಿನ ಚಿಲಕ ತೆಗೆಯುತ್ತಾಳೆ. ಇದನ್ನು ಕಾಮಿಡಿಯಾಗಿ, ಪ್ರೇಮಕಥೆಯಾಗಿ, ಕ್ರೈಮ್ ಆಗಿ, ಹಾರರ್ ಆಗಿ ತೆಗೆಯಬೇಕು. ನಟನೆ ಬದಲಿಸುವಂತಿಲ್ಲ. ಸಂಗೀತ ಹಾಕುವಂತಿಲ್ಲ. ಬಣ್ಣ ಮುಟ್ಟುವಂತಿಲ್ಲ.

ಕಾಮಿಡಿ ಬೇಗ ಬಂತು. ಕ್ಯಾಮೆರಾ ದೂರ ಇಟ್ಟರು. ತಲೆಯಿಂದ ಕಾಲಿನವರೆಗೆ ಇಡೀ ಹುಡುಗಿ ಕಾಣಬೇಕು, ಬಾಗಿಲೂ ಅದೇ ಫ್ರೇಮಿನಲ್ಲಿ ಇರಬೇಕು. ಚಿಲಕ ಎಳೆಯುವುದೂ ಅದು ಬಾರದೆ ಅವಳು ಜೋಲಿ ಹೊಡೆಯುವುದೂ ಒಟ್ಟಿಗೇ ಕಂಡರೆ ನಗು. ತುಂಡು ತುಂಡು ಮಾಡಿದರೆ ನಗು ಬರಲಿಲ್ಲ.

ಪ್ರೇಮಕಥೆಗೆ ಕಿಟಕಿ ಪಕ್ಕ ಹೋದರು. ಬಿಸಿಲು ನೇರವಾಗಿ ಮುಖಕ್ಕೆ ಬೀಳದ ಹಾಗೆ ಒಬ್ಬಳು ಬಿಳಿ ದುಪಟ್ಟಾ ಹಿಡಿದು ನಿಂತಳು. ಮುಖದ ಮೇಲೆ ಬೆಳಕು ಮೆತ್ತಗಾಯಿತು. ಸತ್ಯಜಿತ್ ರೇ ಅವರ ಕ್ಯಾಮೆರಾಮನ್ ಸುಬ್ರತ ಮಿತ್ರ 'ಅಪರಾಜಿತೊ' ಚಿತ್ರಕ್ಕೆ ಕಾಶಿಯ ಮನೆಯ ಸೆಟ್ ಮೇಲೆ ಬಟ್ಟೆ ಕಟ್ಟಿ, ಬೆಳಕನ್ನು ಅದಕ್ಕೆ ತಾಗಿಸಿ ಕೆಳಗೆ ಬೀಳಿಸಿದ್ದರು. ಅದು 1956ರ ಸಿನಿಮಾ. ಹಿಂದಿರುವ ಯೋಚನೆ ಒಂದೇ, ಬೆಳಕನ್ನು ಬಟ್ಟೆಯಿಂದ ಪಳಗಿಸುವುದು. ಇದನ್ನು ಹೇಳಿದಾಗ ದುಪಟ್ಟಾ ಹಿಡಿದವಳ ಮುಖ ನೋಡಬೇಕಿತ್ತು.

ಕ್ರೈಮ್‌ಗೆ ಮುಖ ಬಿಟ್ಟು ಕೈ ತೋರಿಸಿದರು. ಚಿಲಕದ ಮೇಲಿನ ಬೆರಳು, ನೆಲದ ಮೇಲಿನ ಚಪ್ಪಲಿ, ಬಾಗಿಲ ಕೆಳಗಿನ ಸಂದು. ಒಂದೊಂದು ವಸ್ತುವೂ ಸಾಕ್ಷಿ ಆಗುತ್ತದೆ. ನೋಡುವವನು ಕೂಡಿಸಿಕೊಳ್ಳಬೇಕು.

ಹಾರರ್ ಮಾತ್ರ ಬರಲೇ ಇಲ್ಲ. ಕತ್ತಲೆ ಇಲ್ಲ, ಸದ್ದಿಲ್ಲ, ಮಧ್ಯಾಹ್ನ ಮೂರು ಗಂಟೆ. ಐದಾರು ಟೇಕ್ ಆದವು. ಕೊನೆಗೆ ಎಡಿಟಿಂಗ್ ಮಾಡುವ ಹುಡುಗಿ ಫೋನು ಹಿಡಿದಳು. ಅವಳು ನಟಿಯ ಬೆನ್ನ ಹಿಂದೆ ಫೋನಿಟ್ಟು, ಹುಡುಗಿಯನ್ನು ಫ್ರೇಮಿನ ಒಂದು ಅಂಚಿಗೆ ತಳ್ಳಿ, ಉಳಿದ ಮುಕ್ಕಾಲು ಭಾಗ ಖಾಲಿ ಬಿಟ್ಟಳು. ಹುಡುಗಿ ನಡೆದು ಹೋದಳು, ಬಾಗಿಲು ತೆಗೆದಳು, ಒಳಗೆ ಹೋದಳು. ಫೋನು ನಿಂತಲ್ಲೇ ನಿಂತಿತ್ತು. ಯಾರೂ ಇಲ್ಲದ ಕಾರಿಡಾರನ್ನು ಅದು 10 ಸೆಕೆಂಡ್ ನೋಡುತ್ತಾ ಇತ್ತು. ಸಣ್ಣ ಪರದೆಯ ಮೇಲೆ ಅದನ್ನು ನೋಡುತ್ತಿದ್ದ ನಾವೆಲ್ಲ ಉಸಿರು ಬಿಗಿ ಹಿಡಿದಿದ್ದೆವು. ಮನುಷ್ಯರು ಹೋದ ಮೇಲೂ ಕ್ಯಾಮೆರಾ ಯಾಕೆ ನಿಂತಿದೆ? ಅಲ್ಲಿ ಏನಿದೆ?

ಮಧ್ಯಾಹ್ನದ ಬಿಸಿಲಲ್ಲೇ ಅದು ಕೆಲಸ ಮಾಡಿತು. ಕಾರಣ, ಆ ಕಾರಿಡಾರ್ ನಮಗೆ ದಿನವೂ ನಡೆದು ಗೊತ್ತಿರುವ ಜಾಗ.

ವೈಡ್ ಶಾಟ್ ಬಗ್ಗೆ ಇದ್ದ ಗೊಂದಲವೂ ಅವತ್ತೇ ಬಗೆಹರಿಯಿತು. ವೆಸ್ಟರ್ನ್‌ಗೆ ವೈಡ್ ಯಾಕೆ ಅಂತ ಕೇಳಿದೆ. ಎಲ್ಲರೂ ವೆಸ್ಟರ್ನ್ ಧಾಟಿಯ 'ಶೋಲೆ' ನೋಡಿದ್ದರು. 1975ರ ಆ ಚಿತ್ರವನ್ನು ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದದ್ದು. ಅದರಲ್ಲಿ ಊರು ಎಲ್ಲಿದೆ, ಠಾಕೂರನ ಮನೆ ಎಲ್ಲಿದೆ, ಬಂಡೆಗಳು ಯಾವ ಕಡೆ, ಇದೆಲ್ಲ ನಮಗೆ ಮನಸ್ಸಿಗೆ ಹತ್ತಿರುತ್ತದೆ. ಅದಕ್ಕೇ ದೂರದಲ್ಲಿ ಧೂಳೆದ್ದರೆ ಎದೆ ಹೊಡೆದುಕೊಳ್ಳುತ್ತದೆ. ಕ್ಯಾಮೆರಾ ಹುಡುಗ ತಾನಾಗಿಯೇ ಹೇಳಿದ. "ಅಂದ್ರೆ ನಮ್ಮ ಓಣಿಗೂ ಒಂದು ವೈಡ್ ಬೇಕು."

ಎರಡನೇ ಸಲ

ಮತ್ತೆ ಶೂಟ್ ಮಾಡಲು ಡಿಸೆಂಬರ್ ಆಯಿತು. ಮಳೆ ನಿಂತಿತ್ತು. ಮೊದಲು ಬೇಜಾರಾದರು. ಮಳೆ ಇಲ್ಲದೆ ಮಲೆನಾಡಿನ ಹಾರರ್ ಹೇಗೆ? ಆದರೆ ಮಳೆ ಹೋದದ್ದೇ ಒಳ್ಳೆಯದಾಯಿತು. ರಾತ್ರಿ ಆ ಮನೆ ಎಷ್ಟು ಸುಮ್ಮನಿತ್ತು ಅಂದರೆ ಹಿತ್ತಿಲಿನಲ್ಲಿ ಸೋಗೆ ಬಿದ್ದರೂ ಕೇಳುತ್ತಿತ್ತು.

ದೊಡ್ಡ ಜಗಳ ದೆವ್ವದ ಬಗ್ಗೆ. ನಿರ್ದೇಶಕಿ ದೆವ್ವ ಬೇಡ ಅಂದಳು. ಕ್ಯಾಮೆರಾ ಹುಡುಗ ಒಪ್ಪಲಿಲ್ಲ. ದೆವ್ವ ಇಲ್ಲದಿದ್ದರೆ ಅದು ಹಾರರ್ ಅಂತ ಯಾರಿಗೆ ಗೊತ್ತಾಗುತ್ತೆ ಅನ್ನುವುದು ಅವನ ವಾದ. ಅವನ ಮಾತಿನಲ್ಲೂ ಹುರುಳಿತ್ತು. ಜಾನರ್ ಅನ್ನುವುದು ನೋಡುವವರಿಗೆ ಕೊಡುವ ಮಾತು. ಕೊಟ್ಟ ಮಾತನ್ನು ಪೂರ್ತಿ ತಪ್ಪಿಸಿದರೆ ಅವರಿಗೂ ಬೇಜಾರಾಗುತ್ತದೆ. ನಾನು ಯಾರ ಕಡೆಯೂ ನಿಲ್ಲಲಿಲ್ಲ. ಜಗಳ ಬಿಡಿಸಿದ್ದು ಮನೆಯ ಅಜ್ಜಿ. ಅವರು ಮೊದಲ ಸಿನಿಮಾ ನೋಡಿ ಕೇಳಿದ್ದು ದೆವ್ವದ ಬಗ್ಗೆ ಅಲ್ಲವೇ ಅಲ್ಲ. "ಅಲ್ಲ ಕಣ್ರೋ, ಹಿತ್ತಿಲ ಬಾಗಿಲಿಗೆ ಅಗುಳಿ ಹಾಕ್ದೆ ಯಾರಾದ್ರೂ ಮಲಗ್ತಾರಾ?"

ಅಗುಳಿ! ಗೋಡೆಯ ತೂತಿನಿಂದ ಎಳೆದು ಬಾಗಿಲಿಗೆ ಅಡ್ಡ ಹಾಕುವ ಮರದ ತುಂಡು. ಸಿನಿಮಾ ಅದರ ಸುತ್ತ ನಿಂತಿತು.

ನಡುಮನೆಯ ಒಂದು ಮೂಲೆಯಲ್ಲಿ, ನೆಲಕ್ಕೆ ಹತ್ತಿರ ಟ್ರೈಪಾಡ್ ಇಟ್ಟು, ಕ್ಯಾಮೆರಾ ಜೊತೆಗೇ ಬಂದ 18-55 ಲೆನ್ಸನ್ನು ತುಂಬಾ ಅಗಲವಾಗಿ ಕಾಣುವ 18ಕ್ಕೆ ತಿರುಗಿಸಿದರು. ಎಡಕ್ಕೆ ಅಡುಗೆಮನೆಯ ಬಾಗಿಲು, ನಡುವೆ ಅಜ್ಜಿಯ ಖಾಲಿ ಕುರ್ಚಿ, ಬಲಕ್ಕೆ ಓಣಿ. ಓಣಿಯ ಕೊನೆಗೆ ಹಿತ್ತಿಲ ಬಾಗಿಲು, ಅದರ ಮೇಲೆ ಅಡ್ಡ ಅಗುಳಿ. ಇದೇ ಫ್ರೇಮ್ ನಾಲ್ಕು ಸಲ ಬರುತ್ತದೆ. ಹಗಲು, ಸಂಜೆ, ರಾತ್ರಿ ಕರೆಂಟ್ ಇದ್ದಾಗ, ಕರೆಂಟ್ ಹೋದ ಮೇಲೆ. ಕ್ಯಾಮೆರಾ ಇಟ್ಟ ಜಾಗ ತಪ್ಪದಿರಲಿ ಅಂತ ಟ್ರೈಪಾಡ್ ಕಾಲಿನ ಸುತ್ತ ಸೀಮೆಸುಣ್ಣದ ಗುರುತು ಹಾಕಿದ್ದರು. ಮೊದಲ ಮೂರರಲ್ಲಿ ಅಗುಳಿ ಇದೆ. ನಾಲ್ಕನೆಯದರಲ್ಲಿ ಇಲ್ಲ. ಹುಡುಗಿ ಅದನ್ನು ಗಮನಿಸುವುದಿಲ್ಲ.

ಹಗಲಿನ ಶಾಟ್‌ಗೆ ಒಳಗೆ ಬೆಳಕು ಸಾಲಲಿಲ್ಲ. ಪ್ಯಾನೆಲ್ ಹಾಕಿದರೆ ಸುಳ್ಳು ಬೆಳಕು ಅನ್ನಿಸುತ್ತಿತ್ತು. ಆಗ ಅವರಿಗೆ ವಿ.ಕೆ. ಮೂರ್ತಿಯವರ ಕಥೆ ಹೇಳಿದೆ. ಮೈಸೂರಿನವರು. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತು ಮುಂಬೈಗೆ ಹೋದವರು. 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಸ್ಟುಡಿಯೋದ ಕತ್ತಲೊಳಗೆ ಒಂದು ಬೆಳಕಿನ ಕೋಲು ಇಳಿಸಲು ಅವರು ಹೊರಗಿನ ಬಿಸಿಲನ್ನು ಕನ್ನಡಿಯಿಂದ ಒಳಕ್ಕೆ ತಿರುಗಿಸಿದ್ದರು. ಮಕ್ಕಳು ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯ ಪಕ್ಕ ಒಂದು ಕನ್ನಡಿ ಹಿಡಿದು ನಿಂತರು. ಬಿಸಿಲು ಜಗಲಿ ದಾಟಿ, ನಡುಮನೆ ದಾಟಿ, ಸೀದಾ ಹಿತ್ತಿಲ ಬಾಗಿಲಿನ ಅಗುಳಿಯ ಮೇಲೆ ಬಿತ್ತು. ಅಗುಳಿಯನ್ನು ನೋಡಿ ಅಂತ ಯಾರೂ ಹೇಳಬೇಕಾಗಲಿಲ್ಲ.

ರಾತ್ರಿಯ ಶಾಟ್‌ಗಳಿಗೆ ಪ್ಯಾನೆಲ್ ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ಕಾಣದ ಹಾಗೆ 9 ವ್ಯಾಟಿನ ಒಂದು ಹಳದಿ ಬಲ್ಬ್. ಕೈಯಲ್ಲಿ ಲಾಟೀನು, ಅದರ ಹಿಂದೆ ಮರೆಯಾಗಿ ಇನ್ನೊಂದು ಸಣ್ಣ ಬಲ್ಬ್. ವೈಟ್ ಬ್ಯಾಲೆನ್ಸನ್ನು (ಯಾವ ಬೆಳಕನ್ನು ಬಿಳಿ ಅಂತ ತೋರಿಸಬೇಕು ಅನ್ನುವ ಸೆಟ್ಟಿಂಗ್) ಆಟೋದಲ್ಲಿ ಬಿಡದೆ 4500 ಕೆಲ್ವಿನ್ ಹತ್ತಿರ ನಿಲ್ಲಿಸಿದ್ದರಿಂದ ಹಳದಿ ಹಳದಿಯಾಗಿಯೇ ಉಳಿಯಿತು. ಐಎಸ್‌ಒ 1600 ದಾಟಲಿಲ್ಲ. ಫ್ರೇಮಿನಲ್ಲಿ ಒಂದು ಕಡೆ ಸರಿಯಾದ ಬೆಳಕು ಇದ್ದರೆ ಉಳಿದ ಕಡೆ ಕಪ್ಪು ನಿಜವಾಗಲೂ ಕಪ್ಪಾಗಿ ಕಾಣುತ್ತದೆ. ಮೊದಲ ಸಲ ಬೆಳಕೇ ಇಲ್ಲದೆ ತೆಗೆದು ಆಮೇಲೆ ಎಡಿಟಿಂಗ್‌ನಲ್ಲಿ ಎತ್ತಿದ್ದರು, ಅದಕ್ಕೇ ಎಲ್ಲ ಬೂದಿ ಬಣ್ಣ ಆಗಿತ್ತು.

ಕರೆಯುವ ದನಿಗೆ ಸೌಂಡ್ ಹುಡುಗಿ ತಾನೇ ಒಂದು ತೀರ್ಮಾನ ಮಾಡಿದಳು. ಕೋಣೆಯಲ್ಲಿ ರೆಕಾರ್ಡ್ ಮಾಡಿ ಗುಂಯ್‌ಗುಟ್ಟುವ ಎಫೆಕ್ಟ್ ಹಾಕುವುದು ಬೇಡ. ಅಜ್ಜಿಯನ್ನೇ ತೋಟದ ಅಂಚಿಗೆ ಕಳಿಸಿ, ಅಲ್ಲಿಂದ ಹೆಸರು ಕೂಗಿಸಿ, ನಡುಮನೆಯಲ್ಲಿ ಫೋನಿಟ್ಟು ರೆಕಾರ್ಡ್ ಮಾಡಿದಳು. ದೂರ ಅನ್ನುವುದು ದನಿಯಲ್ಲೇ ಬಂತು. ಜೊತೆಗೆ ಯಾರೂ ಮಾತಾಡದೆ 1 ನಿಮಿಷ ಆ ಮನೆಯ ಮೌನವನ್ನೂ ರೆಕಾರ್ಡ್ ಮಾಡಿಕೊಂಡಳು. ಮನೆಯ ಮೌನಕ್ಕೂ ಒಂದು ಸದ್ದಿರುತ್ತದೆ. ಎಡಿಟಿಂಗ್‌ನಲ್ಲಿ ಸದ್ದೇ ಇಲ್ಲದ ಜಾಗ ಬಿಟ್ಟರೆ ಸ್ಪೀಕರ್ ಕೆಟ್ಟಂತೆ ಅನ್ನಿಸುತ್ತದೆ. ಆ 1 ನಿಮಿಷವನ್ನು ಅಲ್ಲಿ ತುಂಬಿದರು.

ಸಿನಿಮಾ 7 ನಿಮಿಷ 40 ಸೆಕೆಂಡ್ ಆಯಿತು, 31 ಶಾಟ್. ಓರೆ ಶಾಟ್ ಒಂದೇ ಒಂದು. ಮೊದಲ ಕರೆ, ಎರಡನೇ ಕರೆ. ಹುಡುಗಿ ಲಾಟೀನು ಹಿಡಿದು ಮೂರನೆಯದಕ್ಕೆ ಕಾಯುತ್ತಾಳೆ. ನಾವೂ ಕಾಯುತ್ತೇವೆ. ಕ್ಯಾಮೆರಾ ಓಣಿಯನ್ನೇ ನೋಡುತ್ತಿದೆ. ಅಗುಳಿ ಇಲ್ಲ. ಮೂರನೇ ಕರೆ ಬರುವುದೇ ಇಲ್ಲ.

ಏನಾಯಿತು

ಸಿನಿಮಾ ನೋಡಿರದ 24 ಮಕ್ಕಳಿಗೆ ತೋರಿಸಿದೆವು. ಕೊನೆಯ ಒಂದು ನಿಮಿಷ ಯಾರೂ ಕೆಮ್ಮಲಿಲ್ಲ. ಒಬ್ಬಳು ಮಾತ್ರ ಪಿಸುಗುಟ್ಟಿದಳು, "ಲೇ, ಅಗುಳಿ ತೆಗ್ದಿದೆ!" ಆ ಪಿಸುಮಾತು ಕೋಣೆಯಲ್ಲೆಲ್ಲ ಹರಡಿತು. ಬೇರೆ ಯಾವ ಮೆಚ್ಚುಗೆಯೂ ಆ ಆರು ಮಕ್ಕಳಿಗೆ ಅಷ್ಟು ಖುಷಿ ಕೊಟ್ಟಿರಲಿಕ್ಕಿಲ್ಲ.

ಅಂತರಕಾಲೇಜು ಸ್ಪರ್ಧೆಗೂ ಕಳಿಸಿದರು. ಬಹುಮಾನ ಬರಲಿಲ್ಲ, ಕೊನೆ ಅರ್ಥವಾಗಲಿಲ್ಲ ಅಂದರು ತೀರ್ಪುಗಾರರು. ಆ ನಂಬಿಕೆ ಗೊತ್ತಿಲ್ಲದವರಿಗೆ ಮೂರನೇ ಕರೆಯ ತೂಕ ತಿಳಿಯುವುದಿಲ್ಲ. ಶುರುವಿನಲ್ಲಿ ಅಜ್ಜಿ ಫೋನಿನಲ್ಲಿ ಅದನ್ನು ಹೇಳುವ ಒಂದು ಸಾಲಿತ್ತು, ಆದರೆ ಪಾತ್ರೆ ಸದ್ದಿನಲ್ಲಿ ಸ್ಪಷ್ಟವಾಗಿ ಕೇಳಿಸುವುದಿಲ್ಲ. ಅದು ಖಂಡಿತ ನಮ್ಮ ಕಡೆಯ ತಪ್ಪು. ಮನೆಯನ್ನು ಪರಿಚಯ ಮಾಡಿಸಲು ನಾಲ್ಕು ಫ್ರೇಮ್ ಕೊಟ್ಟೆವು, ನಂಬಿಕೆಯನ್ನು ಪರಿಚಯ ಮಾಡಿಸಲು ಒಂದು ಸಾಲು ಕೊಟ್ಟು ಸುಮ್ಮನಾದೆವು.

ಹಳೆಯ ಹಾಳೆಯನ್ನು ನಾನು ಈಗ ಹಂಚುವುದಿಲ್ಲ. ಜಾನರ್ ಪಾಠ ಕಾರಿಡಾರಿನ ಬಾಗಿಲಿನಿಂದಲೇ ಶುರುವಾಗುತ್ತದೆ. ಮಕ್ಕಳು ನಾಲ್ಕು ಥರ ತೆಗೆದ ಮೇಲೆ, ತಾವು ಯಾಕೆ ಹಾಗೆ ತೆಗೆದೆವು ಅಂತ ಅವರೇ ಬರೆಯುತ್ತಾರೆ. ನೀಲಿ ಬೆಳಕು, ಓರೆ ಕ್ಯಾಮೆರಾ ಅದಾದ ಮೇಲೆ ಬರುತ್ತವೆ, ಪ್ರತಿಯೊಂದೂ ತನ್ನ ಕಾರಣದ ಜೊತೆಗೆ.

ಕೊನೆಯ ಪ್ರದರ್ಶನದಲ್ಲೂ ನಕ್ಷೆ ಬರೆಸಿದ್ದೆವು. 24ರಲ್ಲಿ 19 ಹಾಳೆಯಲ್ಲಿ ಹಿತ್ತಿಲ ಬಾಗಿಲು ಸರಿಯಾದ ಜಾಗದಲ್ಲಿತ್ತು. ತಪ್ಪಾದ 5 ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆಶ್ಚರ್ಯ. ಐದೂ ಒಂದೇ ಥರ ತಪ್ಪಾಗಿದ್ದವು. ಐವರೂ ಬಾಗಿಲನ್ನು ಬಲಕ್ಕೆ ಬದಲು ಎಡಕ್ಕೆ ಬರೆದಿದ್ದರು. ಹುಡುಕಿದಾಗ ಕಾರಣ ಸಿಕ್ಕಿತು. ಒಂದು ಶಾಟ್‌ನಲ್ಲಿ ಓಣಿ ಅಲ್ಮೆರಾದ ಕನ್ನಡಿಯಲ್ಲಿ ಕಾಣುತ್ತದೆ. ಕನ್ನಡಿಯಲ್ಲಿ ಎಡ ಬಲ ತಿರುಗಿರುತ್ತದಲ್ಲ. ಎಡಿಟಿಂಗ್ ಹುಡುಗಿ ಆ ಶಾಟನ್ನೇ ತಿರುಗಿಸಿ ನೋಡಿದಳು. ಆಗ ಪಕ್ಕದ ಗೋಡೆಯ ಕ್ಯಾಲೆಂಡರಿನ ಅಕ್ಷರಗಳು ಉಲ್ಟಾ ಆದವು. ತೆಗೆದೇ ಬಿಡೋಣ ಅಂದರೆ ಕ್ಯಾಮೆರಾ ಹುಡುಗನಿಗೆ ಇಡೀ ಸಿನಿಮಾದಲ್ಲಿ ತುಂಬಾ ಇಷ್ಟವಾದ ಶಾಟ್ ಅದೇ.

ಶಾಟ್ ಹಾಗೇ ಉಳಿಯಿತು. ನಿರ್ದೇಶಕಿಗೆ ಮಾತ್ರ ಇನ್ನೊಂದು ಅನುಮಾನ. "ಆ ಐದು ಜನಕ್ಕೇ ಜಾಸ್ತಿ ಭಯ ಆಗಿದ್ರೆ ಮೇಡಂ? ಅವರನ್ನ ಕೇಳ್ಬೇಕಿತ್ತು." ಕೇಳೋಣ ಅಂತ ಹಾಳೆಗಳನ್ನು ಮತ್ತೆ ತೆಗೆದೆವು. ಯಾವುದರ ಮೇಲೂ ಹೆಸರು ಬರೆಸಿರಲಿಲ್ಲ.